ಸ್ವಿಚ್ ಹಾಕಿದ್ರ ಮುಗೀತು

ಎಲ್ಲಕ್ಕೂ ಮೂಲ ಉಕ್ಕಿದ ಹಾಲು. "ಒಲಿ ಕಡೆ ಲಕ್ಷ್ಯ ಇರ್ಲಿ" ಎಂದು ಗಂಡನಿಗೆ ಹೇಳಿ ಮಹಾನಂದಾ ಹಿತ್ತಲಿಗೆ ಹೋಗಿದ್ದಳು. ಮಿಶ್ರಿಕೋಟಿಯ ನಿವೃತ್ತ ವಿಜ್ಞಾನ ಶಿಕ್ಷಕ ಸುಭಾಸ ಮಾಸ್ತರರ ಲಕ್ಷ್ಯವೆಲ್ಲ ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರಿನ ಮೇಲಿತ್ತು. ಟಿವಿಗೆ ಜೋಡಿಸಿ ನಡೆಸುವ, ಬರೀ ಕೀಲಿಮಣೆಯಂತಿದ್ದ ಆ ಯಂತ್ರವನ್ನು ಅವರು ನೌಕರಿಯ ಹೊಸದರಲ್ಲಿ ಕೊಂಡಿದ್ದರು. ಹಲ್ಲುಜ್ಜುವ ಬ್ರಶ್ಶಿನಿಂದ ಅದರ ಗುಂಡಿಗಳ ಸಂದಿ ತಿಕ್ಕುತ್ತಿದ್ದಾಗ ಹಾಲು ಕಟ್ಟೆ ದಾಟಿ ನೆಲಕ್ಕಿಳಿಯಿತು.

"ನಿನ್ನೆಯೂ ಹಿಂಗ ಹಾಲು ಉಕ್ಕಿಸಿದ್ರಿ! ಆ ಡಬ್ಬಿ ನಡೀತೈತೋ ಇಲ್ಲೋ? ಸಂಜಿಕ ಜಮಾಲಬಿ ಬರ್ತಾಳ. ಹಳೇ ಸಾಮಾನ ತಗೊಂಡು ಭಾಂಡೆ-ಪಾತ್ರಿ ಕೊಡ್ತಾಳ. ನಡೀಲಿಲ್ಲಂದ್ರ ಅಕಿಗೆ ಕೊಟ್ಟಬಿಡ್ತೀನಿ" ಎಂದು ಮಹಾನಂದಾ ಒಳಗೆ ಬಂದವಳೇ ಸಿಡುಕಿದಳು.

"ನಡೀತೈತೇನು ಅಂತ ಕೇಳ್ತೀಯಲ್ಲ! ಈಗಿನವುಗಳಂಗ ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ. ಸ್ವಿಚ್ ಹಾಕಿದ್ರ ಮುಗೀತು!"

ಮುಗಿಯಲಿಲ್ಲ. ಮನೆಯ ಹೊಸ ಟಿವಿಗೆ ಅದರ ವಾಯರು ಕೂಡಲಿಲ್ಲ. ಬಾಜು ಮನೆಯ ಮೈಲಾರವ್ವನ ಹಳೆಯ ಟಿವಿಯೇ ಗತಿಯಾಯಿತು. ಗಬ್ಬದ ಎಮ್ಮೆಯನ್ನು ಹೊಸ್ತಿಲು ದಾಟಿಸುವಂತೆ ಮಾಸ್ತರರೂ ಎದುರು ಮನೆಯ ಲಕ್ಷ್ಮಪ್ಪನೂ ಅದನ್ನು ಹೊತ್ತು ತಂದರು. ಹಿಂದೆ ಮೈಲಾರವ್ವ, ಅವಳ ಹಿಂದೆ ಅರ್ಧ ಓಣಿ.

"ಧಾರಾವಾಹಿ ಹೊತ್ತಿಗೆ ನನ್ನ ಟಿವಿ ಹೊಳ್ಳಿ ಬರಬೇಕ್ ನೋಡ್ರಿ ಮಾಸ್ತರ" ಎಂದಳು ಮೈಲಾರವ್ವ.

ಸ್ವಿಚ್ ಹಾಕಿದರೆ ಪರದೆಯ ತುಂಬ ಬಿಳಿ ಚುಕ್ಕಿಗಳ ಹಾರಾಟ.

"ಜ್ವಾಳದ ಹಿಟ್ಟು ಸೋಸೂದು ತೋರಸಾಕತ್ತೈತಲ್ರಿ!" ಲಕ್ಷ್ಮಪ್ಪ ನಕ್ಕ.

ಮಾಸ್ತರರು ಗುಂಡಿ ತಿರುವಿದರು, ವಾಯರು ಊದಿದರು, ಬೆವೆತರು. ಮಧ್ಯಾಹ್ನದ ಊಟವೂ ತಪ್ಪಿತು. ಕೊನೆಗೆ ಮೈಲಾರವ್ವ ಎದ್ದು ಟಿವಿಯ ಪಕ್ಕೆಗೊಂದು ಬಾರಿಸಿದಳು. "ದಿನಾ ಹಿಂಗ ಎಬ್ಬಸಬೇಕ್ರಿ ಇದನ್ನ."

ಪರದೆ ನೀಲಿಯಾಯಿತು. ಮೂಲೆಯಲ್ಲೊಂದು ಸಣ್ಣ ಚೌಕ ಕಣ್ಣು ಮಿಟುಕಿಸಿತು. ಮಾಸ್ತರರ ಕಣ್ಣು ಒದ್ದೆಯಾಯಿತು.

"ನೋಡ್ರಿ, ನಾವು ಹೇಳೂತನಕ ಸುಮ್ಮನ ಕಾಯ್ತೈತಿ. ನಡುವ ಬಾಯಿ ಹಾಕೂದಿಲ್ಲ!"

ಅವರು ಎರಡೇ ಸಾಲು ಬರೆದು ಗುಂಡಿ ಒತ್ತಿದರು. ಪರದೆಯ ತುಂಬ ಮಹಾನಂದಾಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲುಸಾಲಾಗಿ ಹರಿಯಿತು. ಓಣಿಯೇ ಚಪ್ಪಾಳೆ ತಟ್ಟಿತು. ಮಹಾನಂದಾ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಇರ್ಲಿ ಬಿಡ್ರಿ. ಕೊಡೂದಿಲ್ಲ."

ಅಷ್ಟರಲ್ಲಿ ಧಾರಾವಾಹಿಯ ಹೊತ್ತಾಗಿ ಮೈಲಾರವ್ವ ಟಿವಿ, ಕಂಪ್ಯೂಟರು ಎರಡರ ಪ್ಲಗ್ಗನ್ನೂ ಕಿತ್ತಳು. ಅದೇ ಗಳಿಗೆಗೆ ಜಮಾಲಬಿ ಬುಟ್ಟಿ ಇಳಿಸಿದಳು.

"ನಿಂದ್ರ ಬೇ ಯಕ್ಕಾ, ಜಮಾಲಬಿಗೂ ನನ್ನ ಹೆಸರು ತೋರಸೂಣು" ಎಂದು ಮಹಾನಂದಾ ತಾನೇ ಎರಡೂ ಪ್ಲಗ್ಗು ಮತ್ತೆ ಚುಚ್ಚಿದಳು.

ನೀಲಿ ಪರದೆ. ಮಿಟುಕುವ ಚೌಕ. ಮತ್ತೇನಿಲ್ಲ.

"ನನ್ನ ಹೆಸರೆಲ್ಲಿ ಹೋತ್ರಿ?"

"ಆರಿಸಿದ್ರ ಎಲ್ಲಾ ಮರತಬಿಡ್ತೈತಿ. ಮತ್ತ ಮೊದಲಿಂದ ಹೇಳಬೇಕು" ಎಂದರು ಮಾಸ್ತರರು ಹೆಮ್ಮೆಯಿಂದ. "ಅದ ನೋಡು ಇದರ ಸರಳತನ!"

ಮಹಾನಂದಾ ಯಂತ್ರವನ್ನು ನೋಡಿದಳು, ಗಂಡನನ್ನು ನೋಡಿದಳು, ಹಾಲಿನ ಕಲೆ ಹತ್ತಿದ್ದ ಒಲೆಯನ್ನೂ ನೋಡಿದಳು.

"ಹೇಳಿದ್ದು ಮರಿಯಾಕ ಈ ಮನ್ಯಾಗ ಒಬ್ಬರು ಸಾಕ್ರಿ. ಜಮಾಲಬಿ, ತಗೊಂಡ ಹೋಗವ್ವಾ."

ಕಂಪ್ಯೂಟರು ಬುಟ್ಟಿ ಸೇರಿತು. ಅದರ ಬದಲಿಗೆ ಬಂದ ಪಾತ್ರೆಗೆ ಸಂಜೆಯ ಹಾಲು ಸುರಿದು ಮಹಾನಂದಾ ಒಲೆಯ ಮೇಲಿಟ್ಟಳು.

"ಏನಿದು?" ಮಾಸ್ತರರು ಸಣ್ಣ ದನಿಯಲ್ಲಿ ಕೇಳಿದರು.

"ಹಾಲಿನ ಕುಕ್ಕರ್. ಪಾಸ್‌ವರ್ಡ್ ಇಲ್ಲ, ಅಪ್‌ಡೇಟ್ ಇಲ್ಲ. ಒಲಿ ಮ್ಯಾಲ ಇಟ್ರ ಮುಗೀತು, ಹಾಲು ಕಾದ ಕೂಡ್ಲೆ ಸೀಟಿ ಹೊಡೀತೈತಿ. ಎದ್ದು ಆರಿಸೂದು ಅಷ್ಟ ನಿಮ್ಮ ಕೆಲಸ."

ಸೀಟಿ ಹೊಡೆಯಿತು.

ಮಾಸ್ತರರು ಎದ್ದರು.