ಸೊಸೆ ಮಂಡಿಯೂರಿದ್ದು ಯಾಕೆ?

ನನಗೆ ಅನುಮಾನ ಜಾಸ್ತಿ ಅಂತ ಎಲ್ಲರೂ ಹೇಳ್ತಾರೆ. ಎಲ್ಲರೂ ಸೇರ್ಕೊಂಡು ಒಂದೇ ಮಾತು ಹೇಳ್ತಾರೆ ಅಂದ್ರೆ ಅದರ ಹಿಂದೆ ಏನೋ ಇದೆ ಅಂತ ನನ್ನ ಅನುಮಾನ. ಹಾಲಿನವನು ನಕ್ಕರೆ ಹಾಲಿಗೆ ಬೆರಳು ಅದ್ದಿ ನೋಡೋಳು ನಾನು. ನಮ್ಮೆಜಮಾನರು ಇದ್ದಾಗ, "ನೀನು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ಕಣೇ" ಅಂತಿದ್ರು. ಪಾಪ, ಅದನ್ನ ಹೊಗಳಿಕೆ ಅಂದ್ಕೊಂಡೇ ನಾನು ಅಷ್ಟು ವರ್ಷ ಸಂಸಾರ ಮಾಡಿದೆ.

ನಮ್ಮನೆ ದೊಡ್ಡಬಳ್ಳಾಪುರದ ಹತ್ತಿರ, ರಾಜಘಟ್ಟದ ಕಡೆ. ಮಗ ಹರೀಶ, ಸೊಸೆ ಚೈತ್ರ, ನಾನು, ಮೂರೇ ಜನ. ಹೋದ ತಿಂಗಳು ಚೈತ್ರ ಬೆಳಿಗ್ಗೆ ಕಾಫಿಗೂ ಮುಂಚೆ ತಾರಸಿ ಹತ್ತೋಕೆ ಶುರು ಮಾಡಿದ್ಲು. ಕೆಳಗೆ ನನಗೆ ಧಡ್, ಧಡ್ ಅಂತ ಸದ್ದು. ಮೆಲ್ಲಗೆ ಹತ್ತಿ ಬಾಗಿಲ ಸಂದೀಲಿ ಇಣುಕಿದ್ರೆ, ಪೂರ್ವಕ್ಕೆ ಮುಖ ಮಾಡ್ಕೊಂಡು ಮಂಡಿಯೂರ್ತಾಳೆ, ಏಳ್ತಾಳೆ, ಮತ್ತೆ ಮಂಡಿಯೂರ್ತಾಳೆ. ಹರಕೆ! ಕಾಲಿಗೆ ಏನೋ ದಪ್ಪಗೆ ಕಟ್ಕೊಂಡಿದ್ಲು. ಮಂಡಿ ನೋಯದಿರಲಿ ಅಂತ ದಿಂಬು ಇರ್ಬೇಕು; ಹರಕೇಲೂ ಸುಖ ಹುಡುಕೋ ಕಾಲ ನೋಡಿ ಇದು. ಮಕ್ಕಳಾಗಲಿ ಅಂತ ಹರಕೆಯಾದ್ರೆ ನನಗೆ ಹೇಳ್ದೆ ಇರ್ತಿದ್ಲಾ? ಅತ್ತೆಗೆ ಹೇಳದೆ ಹೊರೋ ಹರಕೆ ಒಂದೇ, ಬೇರೆ ಮನೆ ಮಾಡೋದು.

ಎರಡು ದಿನ ಬಿಟ್ಟು ನೋಡಿದ್ರೆ, ಉಗ್ರಾಣದಲ್ಲಿ ನನ್ನ ರಾಗಿ ತುಂಬಿಟ್ಟ ನೀಲಿ ಡ್ರಮ್ಮಿಗೆ ಟೇಪು ಹಿಡಿದು ಅಳತೆ ತಗೋತಿದ್ದಾಳೆ. ಶಿವನೇ, ಪಾಲು ಶುರುವಾಯ್ತು! ಹರೀಶನ್ನ ಕೇಳಿದ್ರೆ, "ನನಗೇನೂ ಗೊತ್ತಿಲ್ಲಮ್ಮ" ಅಂತ ಕಿವಿ ಕೆರ್ಕೊಂಡ. ಅಂದ್ರೆ ಗೊತ್ತಿದೆ ಅಂತಾಯ್ತು. ಅವತ್ತು ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದೆ. ಹೊರಗೆ ಏನೇ ಗೊಣಗಲಿ, ಆ ಹುಡುಗಿ ಇಲ್ಲದ ಮನೇನ ನೆನೆಸ್ಕೊಂಡ್ರೇ ನನಗೆ ಭಯ ಆಯ್ತು.

ಮಾರನೇ ಬೆಳಿಗ್ಗೆ ತಾರಸಿ ಬಾಗಿಲು ತಳ್ಳಿ, "ಏನಮ್ಮಾ, ಬೇರೆ ಮನೆ ಎಲ್ಲಿ ನೋಡಿದೀರ?" ಅಂತ ಕೇಳೇಬಿಟ್ಟೆ. ಅವಳು ಬೆಚ್ಚಿ ದೊಪ್ಪಂತ ಕೂತ್ಲು. ಆಗ ನೋಡಿದೆ, ಕಾಲಲ್ಲಿ ಚಕ್ರದ ಬೂಟು!

"ಯಾವ ಮನೆ ಅತ್ತೆ? ಇದು ಸ್ಕೇಟ್ ಕಟ್ಕೊಂಡು ಆಡೋ ಹಾಕಿ. ನಾನು ಗೋಲ್‌ಕೀಪರ್. ಭಾನುವಾರ ದೇವನಹಳ್ಳೀಲಿ ಆಯ್ಕೆ ಇದೆ. ಹೇಳಿದ್ರೆ ಬೇಡ ಅಂತೀರ ಅಂತ ಹೇಳ್ಲಿಲ್ಲ," ಅಂದ್ಲು. "ವಿಡಿಯೋ ನೋಡಿ ಕಲಿತೆ. ವಿಡಿಯೋದವರು ಆಡೋದು ಮಂಜುಗಡ್ಡೆ ಮೇಲೆ. ಚೆಂಡು ತಡೆಯೋಕೆ ಮಂಡಿಯೂರಿದ್ರೆ ಸುಯ್ ಅಂತ ಪಕ್ಕಕ್ಕೆ ಜಾರ್ತಾರೆ. ನಮ್ಮ ಸಿಮೆಂಟ್ ಮೇಲೆ ಕಾಲಿನ ಪ್ಯಾಡು ಅಲ್ಲೇ ಕಚ್ಕೊಂಡ್ಬಿಡುತ್ತೆ. ಚೆಂಡು ಗೋಲಿಗೆ ಹೋಗುತ್ತೆ, ನಾನು ದೇವರ ಮುಂದೆ ಕೂತಂಗೆ ಕೂತಿರ್ತೀನಿ. ಡ್ರಮ್ಮಿನ ಪ್ಲಾಸ್ಟಿಕ್ಕು ನುಣುಪು, ಪ್ಯಾಡಿನ ಒಳಬದಿಗೆ, ನೆಲಕ್ಕೆ ತಾಗೋ ಕಡೆ, ಹಾಕಿದ್ರೆ ಜಾರುತ್ತೆ. ಕೇಳೋಕೆ ಧೈರ್ಯ ಬರ್ಲಿಲ್ಲ ಅತ್ತೆ."

ಬೇರೆ ಮನೆ ಇಲ್ಲ ಅಂದ್ಮೇಲೆ ಡ್ರಮ್ ಯಾವ ಮಹಾ! ರಾಗೀನ ಚೀಲಕ್ಕೆ ಸುರಿದು ನಾನೇ ಗರಗಸ ತಂದ್ಕೊಟ್ಟೆ. ತುಂಡು ಕಟ್ಕೊಂಡು ಮೊದಲ ಸಲ ಜಾರಿದವಳು ಹೋಗಿ ನೀರಿನ ಟ್ಯಾಂಕಿಗೆ ಡಿಕ್ಕಿ ಹೊಡೆದ್ಲು. ಆಮೇಲೆ ಗೊತ್ತಾಯ್ತು, ಚೆಂಡು ಬಂದ ಮೇಲೆ ಉದ್ದಕ್ಕೆ ಜಾರಬಾರದು. ಬರೋಕೆ ಮುಂಚೇನೇ ಪುಟ್ಟ ಪುಟ್ಟ ಹೆಜ್ಜೇಲಿ ಅಲ್ಲಿ ಹೋಗಿ ನಿಂತಿರ್ಬೇಕು, ಕೊನೇ ಗೇಣು ಮಾತ್ರ ಜಾರ್ಬೇಕು. ನಾನು ಚೆಂಡು ಎಸೆಯೋಕೆ ಕೂತೆ. ಆ ಕಡೆ ನೋಡ್ಕೊಂಡು ಈ ಕಡೆ ಎಸೀತಿದ್ದೆ. "ಯಾರ ಕಣ್ಣನ್ನೂ ನಂಬಬೇಡ ಕಣೇ, ಕೈ ನೋಡು," ಅಂತ ಹೇಳ್ಕೊಟ್ಟೆ. ಜೀವಮಾನದ ವಿದ್ಯೆ ಒಂದು ಉಪಯೋಗಕ್ಕೆ ಬಂತು.

ಭಾನುವಾರ ನಾನೂ ಜೊತೇಲಿ ದೇವನಹಳ್ಳಿಗೆ ಹೋದೆ. ಆಯ್ಕೆ ಆದ್ಲು. ಸ್ಕೇಟ್ ಬಿಚ್ಚದೇನೆ ಜಾರ್ಕೊಂಡು ಬಂದು, ನನ್ನ ತಬ್ಕೊಂಡು "ಅಮ್ಮಾ" ಅಂದ್ಲು. ಮದುವೆಯಾಗಿ ಮೂರು ವರ್ಷ ಅತ್ತೆ ಅಂತಲೇ ಕರೆದವಳು! ಕಣ್ಣಲ್ಲಿ ನೀರು ಬಂದ್ಬಿಡ್ತು, ಮುಚ್ಚುಮರೆ ಯಾಕೆ. ವಾಪಸ್ ಬರೋ ಬಸ್ಸಲ್ಲಿ ಅರ್ಧ ದಾರಿ ಅದನ್ನೇ ನೆನೆದು ಖುಷಿಪಟ್ಟೆ. ಇನ್ನರ್ಧ ದಾರಿ ಮಾತ್ರ, ಮೂರು ವರ್ಷ ಬಾಯಲ್ಲಿ ಬರದ 'ಅಮ್ಮ' ಇವತ್ತೇ ಯಾಕೆ ಬಂತು ಅಂತ ತಲೇಲಿ ಹುಳ. ಚೈತ್ರ ನನ್ನ ಭುಜಕ್ಕೆ ತಲೆ ಆನಿಸ್ಕೊಂಡು ನಿದ್ದೆ ಹೋಗಿದ್ಲು. ನಿಜವಾದ ನಿದ್ದೆನೋ, ನಾಟಕಾನೋ ಅಂತ ಮೆಲ್ಲಗೆ ರೆಪ್ಪೆ ಎತ್ತಿ ನೋಡಿದೆ.