ಅಳಿಯನ ಗೇಮ್ ಡಬ್ಬಿಗೆ ಬೆಸುಗಿ

ರಿಪೇರಿ ಅಂಗಡಿ ಅಂದ್ರ ಹಿಂಗ ನೋಡ್ರಿ, ಕೆಟ್ಟ ಸಾಮಾನು ಒಂದ ಬರ್ತೈತಿ, ಅದರ ಬೆನ್ನ ಹತ್ತಿ ಇಡೀ ಮನಿ ಬರ್ತೈತಿ. ಚಿಕ್ಕೋಡಿ ಬಸ್ ಸ್ಟ್ಯಾಂಡ್ ಹತ್ರ ನಂದು ಟೀವಿ, ಮಿಕ್ಸರ್, ಇಸ್ತ್ರಿಪೆಟ್ಟಿಗಿ ರಿಪೇರಿ ಅಂಗಡಿ. ನಗಬಾರದು ಅಂತ ಹಲ್ಲು ಕಚ್ಚಿ ಕುಂತ್ರೂ ದಿನಾ ಒಂದಿಲ್ಲೊಂದು ನಡದ ನಡೀತೈತಿ. ಅದರಾಗೂ ಕಾಗವಾಡದ ಸಾವಕಾರ್ರ ಗೇಮ್ ಡಬ್ಬಿ ನನ್ನ ಕೈಗೆ ಸಿಕ್ಕ ವರ್ಷ ನಾ ನಕ್ಕಷ್ಟು ಮತ್ತ ಯಾವಾಗೂ ನಕ್ಕಿಲ್ಲ. ಆಗ ಮೊಬೈಲಿನ್ಯಾಗ ಆಟ ಅಂದ್ರ ಹಾವು ಹರದಾಡೂದು ಒಂದ ಇತ್ತು. ಟೀವಿಗೆ ಹಚ್ಚಿ ಆಡೂ ಇಂಥಾ ಗೇಮ್ ಡಬ್ಬಿ ಇಟ್ಟ ಮನಿ ನಮ್ಮ ಸೀಮ್ಯಾಗ ಹುಡುಕಿದ್ರೂ ಸಿಗ್ತಿರಲಿಲ್ಲ.

ಉಪ್ಪು, ಮೆಣಸಿನಕಾಯಿ, ಕಂಬಳಿ

ಮಳಿಗಾಲದ ಕಡೀಕ ಒಂದಿನ ಸಾವಕಾರ್ರು ಬಂದ್ರು. ದ್ರಾಕ್ಷಿ ತೋಟದ ಒಡೆಯರು, ತಲಿ ಮ್ಯಾಲ ಗಾಂಧಿ ಟೊಪಗಿ, ಬಗಲಾಗ ಕಂಬಳಿ ಗಂಟು. ಗಂಟು ಬಿಚ್ಚಿದ್ರ ಒಳಗ ಗೇಮ್ ಡಬ್ಬಿ. "ಮಿಸ್ತ್ರಿಯವ್ರ, ಹಚ್ಚಿದ್ರ ಕೆಂಪು ದೀಪ ಹತ್ತತೈತಿ, ಆಟ ಹತ್ತವಲ್ದು" ಅಂದ್ರು.

ಸಂಗತಿ ಏನಪಾ ಅಂದ್ರ, ನಮ್ಮ ಕಡೆ ಮದುವ್ಯಾಗ ಮದುಮಗ ಎಲಿ ಮುಂದ ಮಾರಿ ಊದಿಸಿಕೊಂಡು ಕುಂದ್ರೂದೊಂದು ಪದ್ಧತಿ. ಮಾವ ಏನ ಬೇಕು ಅಂತ ಕೇಳಬೇಕು, ಅವ ಹೇಳಬೇಕು, ಮಾವ ಹೂಂ ಅಂದ ಮ್ಯಾಲ ತುತ್ತು ಎತ್ತಬೇಕು. ಮಂದಿ ಉಂಗುರ ಕೇಳ್ತಾರ, ಗಾಡಿ ಕೇಳ್ತಾರ. ಮಿರಜಿನ್ಯಾಗ ನೌಕರಿ ಮಾಡೂ ಈ ಅಳಿಯಾರು ಗೇಮ್ ಡಬ್ಬಿ ಕೇಳಿದ್ರಂತ. ಮೊದಲನೇ ದೀಪಾವಳಿಗೆ ಆರತಿ ಮಾಡಿ ಕೊಡೂದು ಅಂತ ಮಾತಾಗಿತ್ತು. ಸಾವಕಾರ್ರು ಹುರುಪಿಗೆ ಬಿದ್ದು ಬ್ಯಾಸಗ್ಯಾಗ ಕೊಲ್ಲಾಪುರಕ್ಕ ಹೋಗಿ ತಂದಿಟ್ಟಿದ್ರು. ಅದು ಕೊಡೂಕಿಂತ ಮೊದಲ ಮಲಗಿತ್ತು.

"ಅಂಗಡಿಯವ ಮುಂಬೈಗೆ ಕಳಸಬೇಕಂತಾನ. ಹೊಳ್ಳಿ ಬರೂದ್ರಾಗ ದೀಪಾವಳಿ ಮುಗದ ಹೋಗ್ತೈತಿ. ಹಳೇ ಮಾಲು ಕಟ್ಟಿದ್ರು ಅಂತ ಬೀಗರು ಆಡಿಕೊಂಡ್ರ ನನ್ನ ಮಗಳು ಆ ಮನ್ಯಾಗ ಹ್ಯಾಂಗ ತಲಿ ಎತ್ತಿ ತಿರಗಬೇಕ್ರಿ? ಇದು ಕೆಟ್ಟಿತ್ತು ಅನ್ನೂದು ಅಳಿಯಾರ ಕಿವಿಗೆ ಬೀಳಬಾರದು" ಅಂದ್ರು. ಹೇಳಕೋತ ಕಣ್ಣಾಗ ನೀರ ತಂದ್ರು.

"ಎಷ್ಟು ಆಡೀರಿ ಇದನ್ನ?" ಅಂತ ಕೇಳಿದೆ.

"ಯಾರ ಆಡ್ತಾರ್ರಿ ನಮ್ಮನ್ಯಾಗ? ನಾ, ನಮ್ಮ ಮನಿಯಾಕಿ, ನಮ್ಮ ಅವ್ವ. ಹತ್ತತೈತೋ ಇಲ್ಲೋ ಅಂತ ಒಂದ ಸಲ ಹಚ್ಚಿ ನೋಡೀವಿ."

ಈ ಡಬ್ಬ್ಯಾಗ ಆಟ ನಡಸೂ ಒಂದು ದೊಡ್ಡ ಚಿಪ್ಪು ಇರ್ತೈತಿ. ಅದರ ಕೆಳಗ ಸಾಸಿವಿ ಕಾಳಿನಂಥ ಬೆಸುಗಿ. ತಾಸಗಟ್ಲೆ ಆಡಿ ಆಡಿ ಕಾಯ್ತೈತಿ, ಆರ್ತೈತಿ, ಕಾಯ್ತೈತಿ, ಆರ್ತೈತಿ, ಕಡೀಕ ಬೆಸುಗಿ ಸೀಳ್ತೈತಿ. ಹದಾ ನೋಡಿ ಮತ್ತ ಕಾಸಿದ್ರ ಕರಗಿ ಕೂಡ್ತೈತಿ. ಒಂದ ಸಲ ಹಚ್ಚಿದ್ದಕ್ಕ ಸೀಳೂ ಪೈಕಿ ಅಲ್ಲ ಅದು. ಆದ್ರ ಸಾವಕಾರ್ರ ಮಾತಿಗೆ ಎದರ ಆಡೂದು ಹ್ಯಾಂಗ?

"ಕಂಬಳಿ ಯಾಕ ಸುತ್ತೀರಿ?" ಅಂದೆ. ಯಾರೋ ಸಾಂಗಲಿಯಾಂವ ಹೇಳಿದ್ನಂತ, ಕಂಬಳಿ ಹೊಚ್ಚಿ ಹಚ್ಚಿಟ್ರ ತನ್ನ ಶಾಖಕ್ಕ ತಾನ ಬೆಸುಗಿ ಕೂಡ್ತೈತಿ ಅಂತ. ಸಾವಕಾರ್ರು ಹೊಚ್ಚಿ ತೋಟಕ್ಕ ಹೋಗ್ಯಾರ. ಅವರ ಅವ್ವ, ಮುಪ್ಪಿನ ಆಯಿ, ಬಂದು ಮುಟ್ಟಿ ನೋಡ್ಯಾಳ. ಮೈ ಕೆಂಡದಂಗ ಸುಡಾಕತ್ತೈತಿ. ಪಾಪ, ಅಳಿಯನ ಸಾಮಾನಿಗೆ ಯಾರದೋ ದೃಷ್ಟಿ ತಾಗಿ ಜ್ವರ ಬಂದೈತಿ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಇಳಿ ತಗದಾಳ. ಅದ ಹೊತ್ತಿಗೆ ಆಟ ಹತ್ತೈತಿ. ಮರುದಿನ ಮತ್ತ ಬಂದ್. ಆವತ್ತಿಂದ ಮನ್ಯಾಗ ಕಂಬಳಿ ಹೆಚ್ಚೋ ಉಪ್ಪು ಹೆಚ್ಚೋ ಅಂತ ತಾಯಿ ಮಗಂದು ಜಗಳ.

ನಾ ಡಬ್ಬಿ ಬಿಚ್ಚಿದ್ರ ಫ್ಯಾನಿನ ತುಂಬ ಉಪ್ಪಿನ ಹಳ್ಳು, ಮೆಣಸಿನಕಾಯಿ ಬೀಜ. ಗಾಳಿ ಹೊಡದೆ ನೋಡ್ರಿ, ನಾ ಸೀನಿದೆ, ಸಾವಕಾರ್ರು ಸೀನಿದ್ರು, ಬಾಜೂಕಿನ ಚಹಾದಂಗಡಿ ಗಿರಾಕಿಗಳೂ ಕಪ್ಪು ಹಿಡಕೊಂಡ ಸೀನಾಕತ್ತಿದ್ರು. ಅಂತೂ ಬಿಸಿಗಾಳಿ ಗನ್ನು ಹಿಡದು ಬೆಸುಗಿ ಕೂಡಿಸಿ ಕೊಟ್ಟೆ. ಸಾವಕಾರ್ರು ಕಟ್ಟಿ ಇಳಿಯೂ ಮುಂದ ನಿಂತು ಕೇಳಿದ್ರು, "ಉಪ್ಪು ಎಲ್ಲಾ ತಗದೀರೇನ್ರಿ?"

"ತಗದೀನ್ರಿ."

"ಒಂದೆರಡು ಹಳ್ಳು ಬಿಡಬೇಕಾಗಿತ್ತು. ನಿಮ್ಮ ಬೆಸುಗಿ ಮ್ಯಾಲ ಭರೋಸಾ ಇಲ್ಲಂತ ಅಲ್ಲ, ಅವ್ವ ಕೇಳ್ತಾಳ."

ಖಂಡೆ ಪೂಜಿ

ಖಂಡೆ ಪೂಜಿ, ಅಂದ್ರ ಆಯುಧ ಪೂಜಿ ದಿನ ನಮ್ಮಲ್ಲಿ ಮನ್ಯಾಗಿನ ಕಬ್ಬಿಣ ಎಲ್ಲಾ ಜಳಕ ಮಾಡ್ತೈತಿ. ಟ್ರ್ಯಾಕ್ಟರು, ಕುಡಗೋಲು, ಔಷಧ ಹೊಡಿಯೂ ಪಂಪು, ಸೈಕಲ್ಲು, ಯಾವ್ದಕ್ಕೂ ಮಾಫಿ ಇಲ್ಲ. ಹಬ್ಬ ಆದ ಮರುದಿನ ಸಾವಕಾರ್ರು ಅದ ಡಬ್ಬಿ ಹಿಡಕೊಂಡು ಮತ್ತ ಹಾಜರು.

"ಒಳಗ ನೀರು ಹೋಗ್ಯಾವ್ರಿ."

"ಎಲ್ಲಿಂದ್ರಿ? ಮಾಳಿಗಿ ಸೋರತೈತೇನು?"

"ಇಲ್ರಿ. ಕೊಡದಿಂದ."

ಆಯಿನ ಕಾರಭಾರ. ಟ್ರ್ಯಾಕ್ಟರಿಗೆ ನೀರು ಸುರೀತೀರಿ, ಅದೇನ ಸಾಯ್ತೈತೇನು, ಅಳಿಯನ ಸಾಮಾನಿಗೆ ಪೂಜಿ ಇಲ್ಲಂದ್ರ ಹ್ಯಾಂಗ ಅಂತ ತೋಟದ ಪಂಪಿನ ಬಾಜೂಕ ಕುಂಡ್ರಿಸಿ ಕೊಡಗಟ್ಲೆ ನೀರು ಹಾಕ್ಯಾಳ. ವಿಭೂತಿ ಹಚ್ಚಿ, ಗಾಳಿ ಹೋಗೂ ತೂತಿನ್ಯಾಗ ಚೆಂಡು ಹೂವು ಸಿಗಿಸ್ಯಾಳ. ಇವರು ಒಣಗೂತನಕ ತಡೀದ ಹಚ್ಚಿ ನೋಡ್ಯಾರ. ಚರ್ ಅಂದೈತಿ. ಬಿಚ್ಚಿ ಹೂವಿನ ಎಸಳು ಆರಿಸಿ, ಮಾಳಿಗಿ ಮ್ಯಾಲ ಹಪ್ಪಳದ ಬಾಜೂಕ ಒಣ ಹಾಕಿದೆ. ನೀರು ಆರಿತು ಖರೆ, ಆದ್ರ ಕೂಡಿಸಿದ ಬೆಸುಗಿ ಮತ್ತ ಬಿಟ್ಟಿತ್ತು.

"ಆಯಿಗೆ ಒಂದ ಮಾತು ಹೇಳಿದ್ರಿಲ್ಲೋ?" ಅಂತ ಸಿಟ್ಟಿನಿಂದ ಕೇಳಿದೆ.

"ಹೇಳಿದ್ನಿರಿ. ನಿನ್ನ ಮಿಸ್ತ್ರಿ ತನ್ನ ಸಾಮಾನಿಗೆ ಪೂಜಿ ಮಾಡ್ಯಾನೋ ಇಲ್ಲೋ ಮೊದಲ ಕೇಳ್ಕೊಂಡ ಬಾ ಅಂದ್ಲು."

ಭಟ್ಟಿ

ಒಳಗಿನ ಹಸಿ ಪೂರಾ ಆರೂದ್ರಾಗ ದೀಪಾವಳಿ ಬಂದ ಬಿಡ್ತು, ಕರೆಂಟು ಹೋದದ್ದು ಹೋತು. ನನ್ನ ಗನ್ನಿಗೆ ಕರೆಂಟು ಬೇಕು. ಅರ್ಧಾ ಕಾಸಿದಾಗ ಹೋದ್ರ ಚಿಪ್ಪು ಸೊಟ್ಟಾಗಿ ಕುಂದರತೈತಿ. ನಾಳೆ ಆರತಿ, ಸಾವಕಾರ್ರು ಅಂಗಡಿ ಬಾಂಕಿನ ಮ್ಯಾಲ ತಲಿ ಮ್ಯಾಲ ಕೈ ಹೊತ್ತು ಕುಂತಾರ. ಕರೆಂಟ್ ಇಲ್ದ ಊರಾಗ ಹದವಾಗಿ ಕಾಯೂದು ಒಂದ, ಹಿಂದಿನ ಓಣಿ ಬೇಕರಿ ಭಟ್ಟಿ. ಒಡದು ಹೊಸಾದು ಕಟ್ಟಬೇಕಂತ ಬಿಟ್ಟ ಹಳೇ ಭಟ್ಟಿ ಒಂದಿತ್ತು. ಕೈಕಾಲು ಬಿದ್ದು ಅದಕ್ಕ ಬೆಂಕಿ ಹಾಕಿಸಿದೆ.

ಬೇಕರಿಯಾಂವ ನಾ ಡಬ್ಬ್ಯಾಗಿಂದ ಬಿಚ್ಚಿ ತಂದ ಹಸಿರು ಬೋರ್ಡನ್ನ ತಟ್ಟಿ ಮ್ಯಾಲ ಇಟ್ಟು ಕೇಳಿದ, "ಎಷ್ಟು ಕೆಂಪಗಾಗಬೇಕು?"

"ಕೆಂಪಗಾದ್ರ ನಾ ಊರು ಬಿಡಬೇಕಾಗ್ತೈತಿ."

"ಉಬ್ಬಬೇಕೇನು?"

"ಉಬ್ಬಬಾರದು ಮಾರಾಯ."

"ಕೆಂಪಾಗಂಗಿಲ್ಲ, ಉಬ್ಬಂಗಿಲ್ಲ, ಮತ್ತ ಯಾವ ಸಂಪತ್ತಿಗೆ ಬೇಯಿಸ್ತಿ ಇದನ್ನ?" ಅಂದ. ಆದ್ರೂ ಮನಷ್ಯಾ ಛಲೋ. ಚಿಟಿಕಿ ಮೈದಾ ಒಗದು, ಅದು ಬಣ್ಣ ತಿರಗೂದು ನೋಡಿ, ಈಗ ಇಡು ಅಂದ. ಇಬ್ಬರೂ ಬಾಗಿ ಭಟ್ಟಿಯೊಳಗ ಇಣಕಿ ನೋಡಕೋತ ನಿಂತ್ವಿ.

ತಗದು ಆರಾಕಂತ ಗಾಜಿನ ಕಪಾಟಿನ ಮ್ಯಾಲ ಇಟ್ಟೆ. ಖಾರಿ ಬಿಸ್ಕೀಟು ಒಯ್ಯಾಕ ಬಂದ ಹೆಣಮಗಳೊಬ್ಬಾಕಿ ಅದನ್ನ ಹೊಳ್ಳಿ ಹೊಳ್ಳಿ ನೋಡಿದ್ಲು. "ಈ ಹಸಿರು ಕೇಕ್ ಯಾವ್ದರಿ? ಅರ್ಧಾ ಕಿಲೋ ಕೊಡ್ರಿ."

ಬೇಕರಿಯಾಂವ ಮಾರಿ ಮ್ಯಾಲಿನ ಒಂದು ಗೆರಿ ಸಡ್ಲ ಮಾಡಲಿಲ್ಲ. "ಅದು ಆರ್ಡರಿನ ಮಾಲ್ರಿ ಅಕ್ಕಾರ. ಕಾಗವಾಡದಾಗ ಸಾವಕಾರ್ರ ಅಳಿಯಾ ಬರ್ತಾನ, ಅವಗ."

ಆಕಿ ಸೆರಗು ಸರಿ ಮಾಡಿಕೊಂಡು ಅಂದ್ಲು, "ಇಂಥಾ ಸಿಹಿ ತಿಂದ ತಿಂದ ನೋಡ್ರಿ, ಇದ್ದವರ ಮನಿ ಅಳಿಯಂದಿರಿಗೆ ಹಲ್ಲು ಇರೂದಿಲ್ಲ."

ಬಾಗಲ ಹಿಂದಿನ ಮಾತು

ಪಾಡ್ಯದ ದಿನ ಸಾವಕಾರ್ರು ನನ್ನೂ ಕಾಗವಾಡದ ಮನಿಗೆ ಎಳಕೊಂಡು ಹೋದ್ರು, ನಡುವ ಡಬ್ಬಿ ಕೈ ಕೊಟ್ರ ಅಂತ. ಮಿಸ್ತ್ರಿ ಅಂದ್ರ ಗುಟ್ಟು ಬಯಲಾಗ್ತೈತಿ, ಅದಕ್ಕ ಅಳಿಯಾರಿಗೆ "ಇವರು ದ್ರಾಕ್ಷಿ ಔಷಧದ ಏಜಂಟ್ರು" ಅಂದ್ರು. ಅಳಿಯಾರು ಮರ್ಯಾದಿಗೆ ಕೇಳಿದ್ರು, "ಈ ಸಲ ಬೂದಿ ರೋಗ ಹ್ಯಾಂಗೈತ್ರಿ?" ನನ್ನ ಬಾಯಿಗೆ ಬೆಂಕಿ ಬೀಳ್ಲಿ, "ಬೆಸುಗಿ ಗಟ್ಟಿ ಇದ್ರ ಏನೂ ಆಗಂಗಿಲ್ರಿ" ಅಂದ ಬಿಟ್ಟೆ. ಸಾವಕಾರ್ರು ನನ್ನ ಕಾಲು ತುಳದ್ರು.

ಆರತಿ ಆತು. ಪುಣ್ಯಾಕ ಅಲ್ಲಿ ಕರೆಂಟು ಇತ್ತು, ಡಬ್ಬಿ ಟೀವಿಗೆ ಹಚ್ಚಿದ್ರು. ಹಸಿರು ದೀಪ ಹತ್ತಿತು. ಸಾವಕಾರ್ರು ಉಸಿರು ಬಿಟ್ಟದ್ದು ನನಗ ಕೇಳಿಸ್ತು. ಕಾರಿನ ಆಟ. "ಇದೊಂದು ಗೆದ್ದು ಊಟಕ್ಕ ಏಳ್ತೀನಿ" ಅಂದ್ರು ಅಳಿಯಾರು. ಸೇತುವಿ ದಾಟಿದ ಕೂಡಲೆ ಕಾರು ಲಾರಿಗೆ ಬಡೀತು. ಮತ್ತ ಹೊಡದ್ರು, ಮತ್ತ ಬಡೀತು. ಮಾರಿ ಕೆಂಪಗಾತು, ಗೆಲ್ಲೂತನಕ ಊಟ ಇಲ್ಲ ಅಂದ್ರು. ನಾ ಡಬ್ಬಿ ಮುಟ್ಟಿ ನೋಡಿದೆ, ಕಾಯಾಕತ್ತಿತ್ತು. ಇವರು ಹಿಂಗ ಆಡಕೋತ ಕುಂತ್ರ ಬೆಸುಗಿ ಇವರ ಕಣ್ಣ ಮುಂದ ಬಿಡ್ತೈತಿ. ಸಾವಕಾರ್ರು ನನ್ನ ಮಾರಿ ನೋಡ್ತಾರ, ನಾ ಅವರ ಮಾರಿ ನೋಡ್ತೀನಿ.

ಆ ಮನ್ಯಾಗ ಅತ್ತಿ ಅಳಿಯನ ಎದುರಿಗೆ ನಿಂತು ಮಾತಾಡೂ ರೂಢಿ ಇಲ್ಲ. ಬಾಗಲ ಹಿಂದ ತಲಿತುಂಬ ಸೆರಗು ಹೊತ್ತು ನಿಂತು ಮಗಳ ಕೈಲೆ ಹೇಳಸ್ತಾರ. "ಹೇಳ ಬೇ ಅವರಿಗೆ, ಹೋಳಿಗಿ ಆರಾಕತ್ತಾವು" ಅಂತ ಒಳಗಿಂದ ದನಿ ಬಂತು. ಮಗಳು ಹೇಳಿದ್ಲು. ಅಳಿಯಾರು ಇದೊಂದು ಅಂದ್ರು. ಧಡ್ ಅಂತ ಲಾರಿಗೆ ಬಡೀತು.

"ಹೇಳ ಬೇ ಅವರಿಗೆ, ಕಟ್ಟಿನ ಸಾರು ಮತ್ತ ಕಾಸಿಟ್ಟೀನಿ." ಮತ್ತ ಧಡ್.

ಮೂರನೇ ಸಲ ಅತ್ತಿಗೆ ತಡಕೊಳ್ಳಾಕ ಆಗಲಿಲ್ಲ. "ಹೇಳ ಬೇ ಅವರಿಗೆ, ಸೇತುವಿ ದಾಟಿದ ಮ್ಯಾಲ ಎಡಕ್ಕ ಹೋಗಬಾರದು, ಅಲ್ಲಿ ಲಾರಿ ನಿಂತಿರ್ತೈತಿ. ಬ್ರೇಕ್ ಬಿಟ್ಟು ಬಲಕ್ಕ ಹೊಳ್ಳಬೇಕು."

ಮಗಳು ತೆರದ ಬಾಯಿ ಮುಚ್ಚಲಿಲ್ಲ. ಅಳಿಯಾರ ಕೈ ಮಾತ್ರ ಹೇಳಿದಂಗ ಬಲಕ್ಕ ಹೊಳ್ಳಿತು, ಕಾರು ಪಾರಾತು, ಆಟ ಗೆದ್ರು. ಆಮ್ಯಾಲ ಸಾವಕಾಶ ತಿರಗಿ ಮಾವನ್ನ ನೋಡಿದ್ರು. ಸಾವಕಾರ್ರು ಟೊಪಗಿ ತಗದ್ರು, ಝಾಡಿಸಿದ್ರು, ಮತ್ತ ಹಾಕೊಂಡ್ರು. ಕೆಟ್ಟೆವಪಾ ಅಂತ ನಾ ಕಣ್ಣು ಮುಚ್ಚಿದೆ. ಕಣ್ಣು ತಗದಾಗ ಅಳಿಯಾರು ಹೊಟ್ಟಿ ಹಿಡಕೊಂಡು ನಗಾಕತ್ತಿದ್ರು. ನಕ್ಕೋತನ ಎದ್ದು ಬಂದು ಎಲಿ ಮುಂದ ಕುಂತು ಹೋಳಿಗಿ ಮುರದ್ರು. ಸಾವಕಾರ್ರ ಕಣ್ಣು ಒದ್ದಿ ಆಗಿದ್ವು.

ಅಳಿಯಾರು ಬಾಗಲ ಕಡೆ ನೋಡಿ ಹೆಂಡ್ತಿಗೆ ಅಂದ್ರು, "ನಿಮ್ಮ ಅವ್ವನ್ನ ಕೇಳು, ಎಲ್ಲೀತನಕ ಆಡ್ಯಾರಂತ?"

ಬಾಗಲ ಹಿಂದ ಬಳಿ ಸಪ್ಪಳ ಆತು.

"ಹೇಳ ಬೇ ಅವರಿಗೆ, ನಾ ಪೂರಾ ಮುಗಿಸೀನಿ. ನಿಮ್ಮ ಅಪ್ಪ ಇನ್ನೂ ಸೇತುವಿ ಮ್ಯಾಲ ಅದಾರ."