ಅಳಿಯಂದಿರ ಗೋಸುಂಬೆ

ಅಂದು ಬೆಳಿಗ್ಗೆ ಚಿಕ್ಕಸಿದ್ದಮ್ಮ ಒಲೆಗೆ ಕೆಂಡ ಕೇಳಲು ಬೇರೆ ಯಾರ ಮನೆಗಾದರೂ ಹೋಗಿದ್ದರೆ ಕಂಠಪ್ಪನ ಪಾಡಿಗೆ ಕಂಠಪ್ಪ ಇರುತ್ತಿದ್ದ. ಆದರೆ ಅವಳು ವೀರಮ್ಮನ ಮನೆಗೇ ಬಂದಳು. ಅದೂ ಹಿತ್ತಲ ಕಡೆಯಿಂದ. ಅಲ್ಲಿ ವೀರಮ್ಮನ ಮನೆ ಅಳಿಯ ಕಂಠಪ್ಪ ಕಣಗಿಲೆ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಗಿಡದ ಕಡೆಗೆ ಕೈ ಚಾಚಿ, ಮುಖವನ್ನು ಮಾತ್ರ ಆಕಾಶಕ್ಕೆ ತಿರುಗಿಸಿಕೊಂಡಿದ್ದ.

"ಏನ್ರೀ ಅಳಿಯಂದ್ರೆ, ಗಿಡದ್ ತಾವ ಭಿಕ್ಸೆ ಬೇಡ್ತಾ ಇದ್ದೀರಾ?"

ಕಂಠಪ್ಪ ತುಟಿಯ ಮೇಲೆ ಬೆರಳಿಟ್ಟ. ಅದೇ ತಪ್ಪಾಯಿತು. ಸುಮ್ಮನಿರು ಎಂದರೆ ಸುಮ್ಮನಿರುವ ಹೆಂಗಸಲ್ಲ ಚಿಕ್ಕಸಿದ್ದಮ್ಮ. ಕೊಂಬೆ ಸರಿಸಿ ನೋಡಿದಳು. ಹಸಿಮೆಣಸಿನಕಾಯಿ ಗಾತ್ರದ ಗೋಸುಂಬೆ ಮರಿಯೊಂದು ಅವಳನ್ನು ನೋಡಿ, ಒಲೆಯ ಮೇಲಿಟ್ಟ ಮಡಕೆಯ ಹಾಗೆ ಕಪ್ಪಗಾಯಿತು.

"ಅಯ್ಯಯ್ಯೋ! ಬಸುರಿ ಎಂಗ್ಸು ಇರೋ ಮನೇಲಿ ಗೋಸುಂಬೆ! ವೀರಮ್ಮಕ್ಕಾ, ಓಡ್ ಬಾ!"

ಹನಗೋಡಿನಲ್ಲಿ ಕೋಳಿ ಕೂಗಿದರೆ ಏಳದವರೂ ಚಿಕ್ಕಸಿದ್ದಮ್ಮ ಕೂಗಿದರೆ ಏಳುತ್ತಿದ್ದರು. ಗಳಿಗೆಯೊಳಗೆ ಹಿತ್ತಲು ತುಂಬಿತು.

ಬೇಲಿ ಕಡಿಯುವಾಗ ಕೊಂಬೆಯ ಜೊತೆ ಬಿದ್ದಿದ್ದ ಮರಿ ಅದು. ಕಾಗೆಯ ಬಾಯಿಂದ ತಪ್ಪಿಸಿ ಕಂಠಪ್ಪ ಅದನ್ನು ಕಣಗಿಲೆ ಗಿಡಕ್ಕೆ ಬಿಟ್ಟಿದ್ದ. ಅಂದಿನಿಂದ ಅದನ್ನು ಒಲಿಸಿಕೊಳ್ಳುವುದೇ ಅವನ ಗುಟ್ಟಿನ ಕೆಲಸ. ಮೇಲಿನಿಂದ ಕೈ ತಂದರೆ ಅದು ಹೆದರುತ್ತದೆ, ಕೆಳಗಿನಿಂದ ತರಬೇಕು. ನೇರ ನೋಡಿದರೆ ನಾಚುತ್ತದೆ, ಬೇರೆಲ್ಲೋ ನೋಡಬೇಕು. ಎಲೆಯ ಮೇಲೆ ನೀರು ತೊಟ್ಟಿಕ್ಕಿಸಬೇಕು, ಕಡ್ಡಿಯ ತುದಿಯಲ್ಲಿ ಮಿಡತೆ ಹಿಡಿಯಬೇಕು. ಮಿಡತೆಯನ್ನು ಅದು ದೂರದಿಂದಲೇ ನಾಲಿಗೆ ಚಾಚಿ ತಿನ್ನುತ್ತಿತ್ತು. ಬೆರಳಿನ ಮೇಲೆ ಮಾತ್ರ ಕಾಲಿಡುತ್ತಿರಲಿಲ್ಲ. ಕಂಠಪ್ಪನಿಗೆ ಬೇಸರವಿರಲಿಲ್ಲ. ಈ ಮನೆಗೆ ಅಳಿಯನಾಗಿ ಬಂದ ಹೊಸದರಲ್ಲಿ ಅವನೂ ಗೋಡೆಗೆ ಮುಖ ಮಾಡಿಯೇ ಉಣ್ಣುತ್ತಿದ್ದ.

"ಅದರ ಕಣ್ಣು ನೋಡ್ರೀ" ಎಂದಳು ಚಿಕ್ಕಸಿದ್ದಮ್ಮ. "ಒಂದು ಉಣಸೂರು ನೋಡ್ತದೆ, ಇನ್ನೊಂದು ಕೋಟೆ ನೋಡ್ತದೆ. ನಿನ್ ಮಗಳು ಪ್ರೇಮಮ್ಮ ಇದನ್ನ ನೋಡುದ್ರೆ ಉಟ್ಟೋ ಮಗೀಗೂ ಅಂಗೇ ಆಯ್ತದೆ ಕಣಕ್ಕಾ!"

ವೀರಮ್ಮ ಅಳಿಯನಿಗೆ ಎದುರುನಿಂತು ಮಾತಾಡುವವಳಲ್ಲ, ಅದು ಮರ್ಯಾದೆಯಲ್ಲ. ಏನಿದ್ದರೂ ಹಿತ್ತಲ ಬಾಗಿಲ ಕಂಬಕ್ಕೆ ಹೇಳುವಳು. "ಕೇಳ್ತಾ ಕಂಬವೇ? ಉಟ್ಟೋ ಮಗ ಅಂಥ ಕಣ್ಣಿಟ್ಕೊಂಡು ಸಂತೇಲಿ ದಾರಿ ತಪ್ಪುದ್ರೆ ಯಾರ್ ಉಡುಕ್ತಾರೆ? ಆ ಉಳಾನ ಈಗ್ಲೇ ಒಳೆ ಆಚೆ ಬುಟ್ಟು ಬರೋಕೆ ಏಳು."

"ಪಾಪದ್ ಜೀವ" ಎಂದು ಕಂಠಪ್ಪನೂ ಕಂಬಕ್ಕೇ ಹೇಳಿದ. "ಇಷ್ಟು ದಿನ ಆದ್ರೂ ಬೆರಳು ಮುಟ್ನಿಲ್ಲ, ಈಗ್ತಾನೇ ನಂಬಿಕೆ ಬತ್ತಾ ಅದೆ."

ಬೇಲಿಯಾಚೆ ನಿಂತಿದ್ದ ಜವರಯ್ಯ ನಕ್ಕ. ಅವನು ಕಾಡಾನೆ ಹಿಡಿಯುವ ಕಾಕನಕೋಟೆ ಖೆಡ್ಡಾದಲ್ಲಿ ತಮಟೆ ಬಡಿದು ಬಂದವನು. ಅಂದಿನಿಂದ ಆನೆಯಿಲ್ಲದೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. "ಅಲ್ಲಾ ಅಳಿಯಂದ್ರೆ, ಇಷ್ಟು ದಿವ್ಸಕ್ಕೆ ಮಾರಾಜ್ರ ಖೆಡ್ಡಾದಲ್ಲಿ ಕಾಡಾನೇನೇ ಸಲಾಮ್ ಒಡೀತದೆ. ನಿಮ್ದಿನ್ನೂ ಬೆರಳು ಮುಟ್ನಿಲ್ವಾ?"

ಒಳಗಿನಿಂದ, ಸೆರಗಿನಲ್ಲಿ ಕಣ್ಣು ಮುಚ್ಚಿಕೊಂಡು, ಪ್ರೇಮಮ್ಮ ಗಂಡನ ಪರವಾಗಿ ಒಂದು ಮಾತು ಹಾಕಿದಳು. "ಅವ್ವಾ, ಅವ್ರು ಅಷ್ಟು ಆಸೆ ಇಟ್ಕೊಂಡವ್ರೆ. ಗುಡೀಲಿ ಅಮ್ಮನ್ ತಾವ ಊ ಕೇಳ್ಬುಡಾನ. ಬಲಕ್ಕೆ ಕೊಟ್ರೆ ಇರ್ಲಿ, ಎಡಕ್ಕೆ ಕೊಟ್ರೆ ಬುಟ್ಟು ಬರ್ಲಿ."

ಇದನ್ನು ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕಂಠಪ್ಪ ಖುಷಿಯಿಂದ ಸ್ನಾನಕ್ಕೆ ಓಡಿದ. ದೇವರ ಕೆಲಸವೆಂದು ವೀರಮ್ಮ, ಅವನು ಬರುವಷ್ಟರಲ್ಲಿ, ಹಿತ್ತಲ ಕಣಗಿಲೆಯ ಒಳ್ಳೊಳ್ಳೆಯ ಕೊಂಬೆಗಳನ್ನೆಲ್ಲ ಮುರಿದು ಮಂಕರಿಗೆ ತುಂಬಿದ್ದಳು.

ಕಂಠಪ್ಪ ಬಂದು ನೋಡಿದರೆ ಗಿಡ ಬೋಳು. ಮರಿ ಇಲ್ಲ. ಬುಡದಲ್ಲಿ ಹುಡುಕಿದ, ಬೇಲಿಯಲ್ಲಿ ಹುಡುಕಿದ. "ಬೇಗ ಬರೋಕೆ ಏಳು" ಎಂದು ಕಂಬಕ್ಕೆ ಅಪ್ಪಣೆಯಾಯಿತು. ಇಲ್ಲದ ಮರಿಗೆ ಹೂ ಕೇಳಲು ಕಂಠಪ್ಪ ಎಲ್ಲರ ಹಿಂದೆ ಕಾಲೆಳೆದುಕೊಂಡು ಹೊರಟ.

ಊರಮ್ಮನ ಗುಡಿ ಚಿಕ್ಕದು, ಬಗ್ಗಿ ಹೋಗಬೇಕು. ಪೂಜಾರಿ ದಾಸಯ್ಯನ ಕಣ್ಣಿಗೆ ಪೊರೆ ಬಂದಿತ್ತು. ತಡವಿಕೊಂಡೇ ಕೊಂಬೆಗಳನ್ನು ಅಮ್ಮನ ತಲೆಯ ಸುತ್ತ ಸಿಕ್ಕಿಸಿದ. ಎರಡು ಹೂಗಳನ್ನು ನೀರಿಗೆ ಅದ್ದಿ, ಎರಡು ಭುಜಕ್ಕೆ ಒಂದೊಂದು ಅಂಟಿಸಿದ. "ಯಾರಾರ ದೀಪ ಇಡ್ಕಳ್ರಪ್ಪ, ನಂಗೆ ಅಮ್ಮ ಯಾವ್ದು ಕಂಬ ಯಾವ್ದು ಗೊತ್ತಾಯ್ತಾ ಇಲ್ಲ" ಎಂದ. ಎಲ್ಲರೂ ಕಂಠಪ್ಪನನ್ನು ಒಳಗೆ ತಳ್ಳಿದರು. ಅವನು ಅಮ್ಮನ ಎಡಭುಜದ ಪಕ್ಕ ದೀಪ ಹಿಡಿದು ನಿಂತ.

"ತಾಯೀ" ಎಂದು ವೀರಮ್ಮ ಹೊರಗಿನಿಂದ ಕೈಮುಗಿದಳು. "ಆ ಗೋಸುಂಬೆ ನಮ್ಮನೇಲಿ ಇರಬೌದು ಅಂದ್ರೆ ಬಲಕ್ಕೆ ಕೊಡು, ಬ್ಯಾಡ ಅಂದ್ರೆ ಎಡಕ್ಕೆ ಕೊಡು."

ಎಲ್ಲರೂ ಉಸಿರು ಹಿಡಿದರು. ಬಲಭುಜದ ಹೂವು ಆಗಲೇ ಜಾರತೊಡಗಿತ್ತು. ಒಂದೇ ಎಸಳಿನಲ್ಲಿ ನೇತಾಡುತ್ತಿತ್ತು. ಎಡಗಡೆಯದು ಗೋಂದು ಹಾಕಿದಂತೆ ಕೂತಿತ್ತು. ಕಂಠಪ್ಪನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಮರಿಯೇ ಹೋದಮೇಲೆ ಅಮ್ಮ ಬಲಗಡೆ ಕೊಟ್ಟು ಏನು ಬಂತು?

ಆಗ ಅಮ್ಮನ ಕಿವಿಯ ಪಕ್ಕದ ಎಲೆಯೊಂದು ಕಣ್ಣು ತಿರುಗಿಸಿತು.

ಕಂಠಪ್ಪ ದೀಪವನ್ನು ಕೊಂಚ ಹಿಂದಕ್ಕೆ ಸರಿಸಿದ. ಮರಿ ಆಗಲೇ ಹೆದರಿ ಕಪ್ಪಗಾಗುತ್ತಿತ್ತು. ಇನ್ನೊಂದು ಗಳಿಗೆಗೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತಿತ್ತು. ಅಮ್ಮನ ಮೈಮೇಲೆ ಗೋಸುಂಬೆ ಎಂದಾದರೆ ಚಿಕ್ಕಸಿದ್ದಮ್ಮನ ಕೈಗೆ ಪೊರಕೆ ಸಿಗಲು ಎಷ್ಟು ಹೊತ್ತು! ಅವನು ಮೆಲ್ಲಗೆ, ಕೆಳಗಿನಿಂದ, ಖಾಲಿ ಕೈಯನ್ನು ಅಮ್ಮನ ಭುಜದ ಹತ್ತಿರ ತಂದು ಸೂರು ನೋಡುತ್ತಾ ನಿಂತ.

"ಅಳಿಯಂದ್ರು ಎಷ್ಟು ಭಕ್ತಿಯಿಂದ ಬೇಡ್ತಾವ್ರೆ ನೋಡ್ರಲಾ" ಎಂದ ಜವರಯ್ಯ.

ಮರಿ ಒಂದು ಕಾಲು ಮುಂದಿಟ್ಟಿತು, ತೂಗಿತು, ಯೋಚಿಸಿತು. ಇನ್ನೊಂದು ಕಾಲಿಟ್ಟಿತು. ಕಿವಿಯಿಂದ ಭುಜಕ್ಕೆ ಇಳಿಯಿತು. ಆಮೇಲೆ, ಇಷ್ಟು ದಿನ ಮಿಡತೆ ಕೊಟ್ಟರೂ ನೀರು ಕೊಟ್ಟರೂ ಇಡದ ಪುಟ್ಟ ಕಾಲನ್ನು ಕಂಠಪ್ಪನ ತೋರುಬೆರಳಿನ ಮೇಲೆ ಇಟ್ಟಿತು. ತಣ್ಣಗಿತ್ತು. ಬೆರಳನ್ನು ಗಟ್ಟಿಯಾಗಿ ಹಿಡಿಯಿತು. ಕಂಠಪ್ಪನ ಕಣ್ಣು ತುಂಬಿತು.

ಅದರ ಹಿಂಗಾಲು ಇನ್ನೂ ಎಡಭುಜದ ಹೂವಿನ ಮೇಲಿತ್ತು. ಆ ಕಾಲನ್ನೂ ಅದು ಕಿತ್ತು ತನ್ನತ್ತ ಎಳೆದುಕೊಂಡಿತು.

"ಎಡ!" ಎಂದು ಹೊರಗೆ ಕೂಗೆದ್ದಿತು. "ಎಡಕ್ಕಾಯ್ತು! ಎಡಕ್ಕೆ ಕೊಟ್ಳು ತಾಯಿ!"

ದಾಸಯ್ಯ ಗಂಟೆ ಬಾರಿಸಿದ. ಅದರ ಬೆನ್ನಿಗೇ ಬಲಗಡೆಯ ಹೂವೂ ಬಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹೂವನ್ನು ಕೆಡವಿದ್ದು ಅಮ್ಮನಲ್ಲ ಎಂದು ಕಂಠಪ್ಪ ಹೇಳುವಂತಿರಲಿಲ್ಲ. ಮತ್ತೆ ಯಾರು ಎಂದು ಕೇಳಿದರೆ ಮುಷ್ಟಿ ಬಿಚ್ಚಬೇಕಿತ್ತು. ಕೈಯನ್ನು ಹೆಗಲ ಮೇಲಿನ ವಲ್ಲಿಯೊಳಗೆ ಮುಚ್ಚಿಕೊಂಡು ಹೊರಬಂದ. ಬೀದಿಯಲ್ಲಿ ಕಂಬವಿರಲಿಲ್ಲವಾಗಿ ವೀರಮ್ಮ ಜವರಯ್ಯನ ಎತ್ತಿಗೆ ಹೇಳಿದಳು. "ಅದನ್ನ ಬುಟ್ಟು, ಬರಿಗೈಲೇ ಮನೆಗೆ ಬರೋಕೆ ಏಳಪ್ಪ."

ಹೊಳೆಯಾಚೆ, ಕಾಡಿನ ದಾರಿಯಲ್ಲಿ ಒಂದು ಹೊಂಗೆ ಮರ. ಸಂಜೆಯವರೆಗೆ ಅಲೆದು ಆರಿಸಿದ ಮರ ಅದು. ಎಲೆ ದಟ್ಟವಾಗಿತ್ತು, ಮಿಡತೆಗೆ ಬರವಿರಲಿಲ್ಲ. ಕಂಠಪ್ಪ ಕೈಯನ್ನು ಕೊಂಬೆಗೆ ತಾಗಿಸಿ ಹಿಡಿದ. "ಓಗಪ್ಪ, ಓಗು."

ಮರಿ ಕೊಂಬೆಯನ್ನು ಒಂದು ಕಣ್ಣಿನಲ್ಲಿ ನೋಡಿತು, ಅವನನ್ನು ಇನ್ನೊಂದರಲ್ಲಿ. ಕಾಲನ್ನು ಕೊಂಬೆಗೆ ಇಟ್ಟಿತು, ವಾಪಸ್ ಬೆರಳಿಗೇ ಇಟ್ಟಿತು. ಎಡಗೈ ಒಡ್ಡಿದರೆ ಎಡಗೈಗೆ ಬಂತು. ಬಲಗೈ ಒಡ್ಡಿದರೆ ಬಲಗೈಗೆ ಬಂತು. ಕೊನೆಗೆ ಬೈಗಾಯಿತು. ಬಾಲವನ್ನು ಅವನ ಕಿರುಬೆರಳಿಗೆ ಸುತ್ತಿ, ಮೈಯೆಲ್ಲ ತಿಳಿಹಳದಿಗೆ ತಿರುಗಿ, ಕಣ್ಣು ಮುಚ್ಚಿ, ಅದು ನಿದ್ದೆಹೋಯಿತು.

ಕಂಠಪ್ಪ ಕೈ ಚಾಚಿಕೊಂಡು ನಿಂತೇ ಇದ್ದ. ಗಾಡಿಯೊಂದು ಬಂದು ನಿಂತಿತು.

"ಅಣ್ಣೋ, ಅನಗೋಡಿಗೆ ಈ ಕಡೇನಾ?" ಎಂದ ಗಾಡಿಯವನು, ಆ ಚಾಚಿದ ಕೈ ನೋಡಿ.

"ಅಲ್ಲ, ನಿಮ್ಮ ಬೆನ್ನಿಂದೆ" ಎಂದು ಕಂಠಪ್ಪ ಪಿಸುಗುಟ್ಟಿದ.

"ಮತ್ಯಾಕೆ ಕೈಯ ಕಾಡ್ ಕಡೆ ತೋರುಸ್ತಿದ್ದೀಯೆ? ಇಳ್ಸು."

"ಆಗಾಕಿಲ್ಲ. ಮಲಗ್ಕಂಡದೆ."

"ಏನು, ಕೈಯಾ?"

"ಮೆಲ್ಲಗೆ ಮಾತಾಡಣ್ಣ. ಎತ್ತಿನ ಗೆಜ್ಜೆನೂ ವಸಿ ಇಡ್ಕಂಡು ಓಗು."

ಗಾಡಿಯವನು ಆ ಮಬ್ಬಿನಲ್ಲಿ ಅವನನ್ನು ಮೇಲಿಂದ ಕೆಳಗೆ ನೋಡಿದ. ಗಾಡಿ ತಿರುಗಿಸಿ, ಎತ್ತುಗಳನ್ನು ಓಡಿಸಿಕೊಂಡು ಹೋದ. ಊರಿನಲ್ಲಿ ಮೊದಲು ಸಿಕ್ಕಿದ್ದು ಚಿಕ್ಕಸಿದ್ದಮ್ಮನ ಮನೆ.

ಪೂರ್ತಿ ಕತ್ತಲಾಗುವ ಹೊತ್ತಿಗೆ ಹೊಳೆಯ ದಾರಿಯಲ್ಲಿ ಪಂಜುಗಳು ಕಂಡವು. ತಮಟೆ ಹೊಡೆಯುತ್ತಾ ಮುಂದೆ ಜವರಯ್ಯ, ಬೇವಿನ ಸೊಪ್ಪು ಹಿಡಿದು ದಾಸಯ್ಯ, ಹಿಂದೆ ಊರಿಗೆ ಊರೇ. "ಬುಟ್ಟು ಬಾ ಅಂದ್ರೆ ಆ ಗೋಸುಂಬೆ ಅಳಿಯಂದ್ರನ್ನೇ ಇಡ್ಕಂಡದಲ್ರಪ್ಪೋ!" ಎಂಬ ಚಿಕ್ಕಸಿದ್ದಮ್ಮನ ಕೂಗು ನೀರಿನ ಮೇಲೆ ತೇಲಿಬಂತು.

ಕಂಠಪ್ಪ ಓಡಬಹುದಿತ್ತು. ದಾರಿ ಗೊತ್ತಿತ್ತು, ಕತ್ತಲೆಯೂ ಇತ್ತು. ಆದರೆ ಓಡಿದರೆ ಅದಕ್ಕೆ ಎಚ್ಚರವಾಗುತ್ತಿತ್ತು.